ಕೆಪ್ಲರನೇ ಜಾತಕ ಬರೆಯುತ್ತಿದ್ದನಂತಲ್ಲ?

ಮನೆಯ ತಾರಸಿಯಲ್ಲಿ ಟೆಲಿಸ್ಕೋಪ್ ಇಟ್ಟು ಶನಿಯ ಬಳೆಗಳನ್ನು ತೋರಿಸಿದ ರಾತ್ರಿ ಈ ಪ್ರಶ್ನೆ ಬಂದೇ ಬರುತ್ತದೆ. ನೋಡಿದವರು ಕಣ್ಣು ತೆಗೆದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಸಾಡೇಸಾತಿಯ ಮಾತೆತ್ತುತ್ತಾರೆ. ನಾನು ನಕ್ಕೆನೋ, ಮುಗಿಯಿತು. "ನಗಬೇಡಿ ಸಾರ್. ಗ್ರಹಗಳ ನಿಯಮ ಕಂಡುಹಿಡಿದ ಕೆಪ್ಲರನೇ ಜಾತಕ ಬರೆಯುತ್ತಿದ್ದನಂತೆ. ಅಷ್ಟು ದೊಡ್ಡವನು ನಂಬಿದ್ದ ಎಂದ ಮೇಲೆ ಅದರಲ್ಲಿ ಏನೋ ಇರಬೇಕಲ್ಲವೇ?" ನನ್ನ ಪಕ್ಕದಲ್ಲಿ ನಿಂತ ವಿಚಾರವಾದಿ ಮಿತ್ರರು ತಕ್ಷಣ ನೆರವಿಗೆ ಬರುತ್ತಾರೆ: "ಅದು ಹೊಟ್ಟೆಪಾಡು. ಅವನೇನೂ ನಂಬಿರಲಿಲ್ಲ."

ನನ್ನ ಉತ್ತರ ಇಬ್ಬರಿಗೂ ರುಚಿಸುವುದಿಲ್ಲ.

ಹೊಟ್ಟೆಪಾಡು ಹೌದು. 1594ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಯೊಹಾನ್ನೆಸ್ ಕೆಪ್ಲರ್ ಆಸ್ಟ್ರಿಯಾದ ಗ್ರಾಟ್ಸ್ ಊರಿನ ಶಾಲೆಗೆ ಗಣಿತದ ಮೇಷ್ಟರಾಗಿ ಸೇರಿದಾಗ ವರ್ಷಕ್ಕೊಂದು ಪಂಚಾಂಗ ಬರೆದುಕೊಡುವುದೂ ಕೆಲಸದ ಭಾಗವಾಗಿತ್ತು. ಮಳೆ, ಬೆಳೆ, ಚಳಿ, ಯುದ್ಧ ಎಲ್ಲದರ ಫಲವೂ ಅದರಲ್ಲಿ ಇರಬೇಕು. 1595ರ ಅವನ ಮೊದಲ ಪಂಚಾಂಗ ಕಡು ಚಳಿ ಬೀಳುತ್ತದೆ, ತುರ್ಕರು ದಾಳಿ ಮಾಡುತ್ತಾರೆ ಎಂದಿತು. ಎರಡೂ ಆದವು, ಮೇಷ್ಟರ ಹೆಸರು ಊರೆಲ್ಲ ಹರಡಿತು. (ಆ ಗಡಿಯಲ್ಲಿ ತುರ್ಕರು ಬರುತ್ತಾರೆ ಎನ್ನಲು ಗ್ರಹಗಳ ನೆರವು ಬೇಕಿರಲಿಲ್ಲವೆನ್ನಿ.) ಮುಂದೆ ಪ್ರಾಗ್ ನಗರದಲ್ಲಿ ಚಕ್ರವರ್ತಿ ಎರಡನೇ ರುಡಾಲ್ಫನ ಆಸ್ಥಾನ ಗಣಿತಜ್ಞನಾದ. ಪದವಿ ದೊಡ್ಡದು, ಸಂಬಳ ಮಾತ್ರ ಸದಾ ಬಾಕಿ. ಜ್ಯೋತಿಷ್ಯವೆಂಬ ಪೆದ್ದು ಮಗಳು ದುಡಿದು ತರದಿದ್ದರೆ ಖಗೋಳಶಾಸ್ತ್ರವೆಂಬ ಜಾಣ ತಾಯಿ ಉಪವಾಸ ಬೀಳುತ್ತಿದ್ದಳು ಎಂದು ಅವನೇ ಬರೆದಿದ್ದಾನೆ.

ಮಿತ್ರರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಯಾರೂ ದುಡ್ಡು ಕೊಡದಿದ್ದಾಗಲೂ ಕೆಪ್ಲರ್ ಜಾತಕ ಬರೆದ. ತನ್ನದು, ಅಪ್ಪನದು, ಅಮ್ಮನದು, ಅಜ್ಜ ಅಜ್ಜಿಯರದು. ತಾಯಿಯ ಗರ್ಭದಲ್ಲಿ ತಾನು 224 ದಿನ, 9 ಗಂಟೆ, 53 ನಿಮಿಷ ಇದ್ದೆನೆಂದು ಲೆಕ್ಕ ಹಾಕಿಟ್ಟವನನ್ನು ನಂಬಿಕೆಯಿಲ್ಲದವನು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ನಂಬಿದ್ದು ಏನನ್ನು? ರಾಶಿಗಳನ್ನಲ್ಲ. ಆಕಾಶವನ್ನು ಹನ್ನೆರಡು ಪಾಲು ಮಾಡಿದ್ದು ಮನುಷ್ಯರು, ನಿಸರ್ಗಕ್ಕೆ ಅದರ ಗೊಡವೆಯಿಲ್ಲ ಎಂಬುದು ಅವನ ನಿಲುವು. ಎಂದರೆ ದಿನಪತ್ರಿಕೆಯ ರಾಶಿಭವಿಷ್ಯಕ್ಕೆ ಕೆಪ್ಲರನನ್ನು ಸಾಕ್ಷಿಗೆ ಕರೆಯುವಂತಿಲ್ಲ. ಅವನು ಬಿಡದೆ ಹಿಡಿದದ್ದು ಗ್ರಹಗಳ ನಡುವಣ ಕೋನಗಳನ್ನು. ದೇವರು ಜಗತ್ತನ್ನು ರೇಖಾಗಣಿತದಿಂದ ಕಟ್ಟಿದ್ದಾನೆ. ಕಿವಿ ಶ್ರುತಿಯನ್ನು ಗುರುತಿಸುವಂತೆ ಭೂಮಿಯ ಆತ್ಮವೂ ಮನುಷ್ಯನ ಆತ್ಮವೂ ಆ ಕೋನಗಳನ್ನು ಗುರುತಿಸಿ ಮಿಡಿಯುತ್ತವೆ ಎಂದುಕೊಂಡಿದ್ದ. ಅದು ನಿಜವೇ ಎಂದು ನೋಡಲು ವರ್ಷಗಟ್ಟಲೆ ಹವಾಮಾನದ ದಿನಚರಿ ಬರೆದಿಟ್ಟ. ಮಗುವನ್ನು ಮೀಯಿಸಿದ ನೀರಿನೊಡನೆ ಮಗುವನ್ನೂ ಎಸೆಯಬೇಡಿ ಎಂದು 1610ರಲ್ಲಿ ಜ್ಯೋತಿಷ್ಯದ ವಿರೋಧಿಗಳಿಗೆ ಒಂದು ಪುಸ್ತಕವನ್ನೇ ಬರೆದ. ಮರುವರ್ಷ, ಚಕ್ರವರ್ತಿಗೆ ಸಲಹೆ ಕೊಡುವವರ ತಲೆಯಿಂದ ಜ್ಯೋತಿಷ್ಯ ತೊಲಗಬೇಕು ಎಂದು ಪತ್ರ ಬರೆದವನೂ ಅವನೇ. ನಮಗೆ ಇದು ಗೊಂದಲ. ಅವನಿಗೆ ಗೊಂದಲವಿರಲಿಲ್ಲ, ತಿಪ್ಪೆ ಕೆದಕಿದ ಕೋಳಿಗೆ ಕಾಳು ಸಿಗುತ್ತದೆ ಎಂದೇ ಕೆದಕುತ್ತಿದ್ದ.

ಗ್ರಹಗಳು ದೀರ್ಘವೃತ್ತದಲ್ಲಿ ಸುತ್ತುತ್ತವೆ ಎಂದು ಕಂಡುಕೊಂಡದ್ದೂ ಇದೇ ತಲೆಯೇ. ಡೆನ್ಮಾರ್ಕಿನ ಖಗೋಳಜ್ಞ ಟೈಕೋ ಬ್ರಾಹೆ ಬರಿಗಣ್ಣಿನಿಂದ ಅಳೆದಿಟ್ಟ ಮಂಗಳನ ಸ್ಥಾನಕ್ಕೂ ಇವನ ಲೆಕ್ಕಕ್ಕೂ ಎಂಟು ಕಲೆಗಳ (ಒಂದು ಕಲೆ ಎಂದರೆ ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು) ವ್ಯತ್ಯಾಸ ಬಂತು. ಹುಣ್ಣಿಮೆಯ ಚಂದ್ರನ ಅಗಲದ ಕಾಲು ಭಾಗ, ಅಷ್ಟೇ. ಬೇರೆ ಯಾರಾದರೂ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕೆಪ್ಲರ್ ವರ್ಷಗಳ ದುಡಿಮೆಯನ್ನು ಬದಿಗಿಟ್ಟು ಮೊದಲಿನಿಂದ ಶುರುಮಾಡಿದ; 1609ರಲ್ಲಿ ದೀರ್ಘವೃತ್ತ ಅಚ್ಚಾಯಿತು. ಹವಾಮಾನದ ದಿನಚರಿಗೆ ಹಾಗೆ ಗದರಿಸುವ ಟೈಕೋ ಇರಲಿಲ್ಲ. ಚಳಿ ಬಿದ್ದರೆ ಫಲ ಸರಿ, ಬೀಳದಿದ್ದರೆ ಬೇರೆ ಕಾರಣ. ಆದ್ದರಿಂದ ಪ್ರಶ್ನೆ ಕೇಳಿದವರಿಗೆ ನಾನು ಹೇಳುವುದು: ಕೆಪ್ಲರ್ ನಂಬಿದ್ದ, ಸರಿ. ಅವನ ಯಾವ ನಂಬಿಕೆಯನ್ನು ಎಂಟು ಕಲೆ ಅಲ್ಲಾಡಿಸಲು ಸಾಧ್ಯವಿತ್ತು ಎಂದು ನೋಡಿ.

ಇಷ್ಟಕ್ಕೆ ಸಾಮಾನ್ಯವಾಗಿ ಕಾಫಿ ಬರುತ್ತದೆ, ಮಾತು ಬೇರೆಡೆ ಹೊರಳುತ್ತದೆ. ಹೊರಳದಿದ್ದರೆ ಅವನ ತಾಯಿಯ ಕತೆ ಹೇಳುತ್ತೇನೆ.

ಕಟರೀನಾ ಕೆಪ್ಲರ್ ಜರ್ಮನಿಯ ವ್ಯೂರ್ಟೆಂಬೆರ್ಗ್ ಸೀಮೆಯ ಲೆಯೋನ್‌ಬೆರ್ಗ್ ಎಂಬ ಊರಿನ ವಿಧವೆ, ಗಿಡಮೂಲಿಕೆಯ ಮದ್ದು ಬಲ್ಲವಳು. ಆರು ವರ್ಷದ ಮಗನನ್ನು ಎತ್ತರದ ಜಾಗಕ್ಕೆ ಕರೆದೊಯ್ದು 1577ರ ಧೂಮಕೇತುವನ್ನು ತೋರಿಸಿದವಳು. ಬಾಯಿ ಜೋರು. 1615ರಲ್ಲಿ ಉರ್ಸುಲಾ ರೈನ್‌ಬೋಲ್ಡ್ ಎಂಬ ನೆರೆಯವಳು, ಈಕೆ ಕೊಟ್ಟ ಪಾನೀಯ ಕುಡಿದು ನನಗೆ ಕಾಯಿಲೆಯಾಯಿತು, ಈಕೆ ಮಾಟಗಾತಿ ಎಂದಳು. ಕಟರೀನಾ ಮಾನಹಾನಿಯ ದಾವೆ ಹೂಡಿದಳು. ಆಮೇಲೆ ಒಬ್ಬೊಬ್ಬರಿಗೂ ಹಳೆಯದೆಲ್ಲ ನೆನಪಾಗತೊಡಗಿತು. ದಾರಿಯಲ್ಲಿ ಈಕೆ ತಗುಲಿ ಹೋದದ್ದಕ್ಕೆ ಹುಡುಗಿಯೊಬ್ಬಳ ತೋಳು ಮರಗಟ್ಟಿತಂತೆ. ಕಟರೀನಾ ತನ್ನ ಅಪ್ಪನ ತಲೆಬುರುಡೆಯನ್ನು ಅಗೆದುಕೊಡು, ಬೆಳ್ಳಿ ಕಟ್ಟಿಸಿ ಮಗನಿಗೆ ಬಟ್ಟಲು ಮಾಡಿಸುತ್ತೇನೆ ಎಂದು ಗೋರಿ ತೋಡುವವನನ್ನು ಕೇಳಿದ್ದಳಂತೆ. ಕೇಳಿದ್ದು ನಿಜವೇ. ಸಾಲದ್ದಕ್ಕೆ ಮೊಕದ್ದಮೆ ಮುಂದುವರಿಸಬೇಡಿ ಎಂದು ಅಧಿಕಾರಿ ಐನ್‌ಹಾರ್ನ್‌ಗೆ ಬೆಳ್ಳಿಯ ಬಟ್ಟಲಿನ ಆಸೆ ತೋರಿಸಿ ಇನ್ನಷ್ಟು ಕೆಡಿಸಿಕೊಂಡಳು.

ಈ ವ್ಯಾಜ್ಯದ ನಡುವೆಯೇ, 1619ರಲ್ಲಿ, ಕೆಪ್ಲರನ ವಿಶ್ವಸಾಮರಸ್ಯದ ಗ್ರಂಥ ಹೊರಬಂತು. ಗ್ರಹಗಳ ಮೂರನೆಯ ನಿಯಮ ಇರುವುದು ಅದರಲ್ಲಿ. ಅದೇ ಪುಸ್ತಕದಲ್ಲಿ ಒಂದು ಮಾತು ಬರುತ್ತದೆ: ಹೆಚ್ಚುಕಡಿಮೆ ನನ್ನದೇ ಗ್ರಹಸ್ಥಿತಿಯಲ್ಲಿ ಹುಟ್ಟಿದ ಒಬ್ಬ ಹೆಂಗಸನ್ನು ಬಲ್ಲೆ, ಅದೇ ಚಡಪಡಿಕೆಯ ಸ್ವಭಾವ, ಆದರೆ ಅವಳಿಗೆ ಅದು ಓದಿಗೆ ಒದಗಲಿಲ್ಲ, ಇಡೀ ಊರಿನ ನೆಮ್ಮದಿ ಕೆಡಿಸಿ ತನ್ನ ದುರ್ಗತಿಯನ್ನು ತಾನೇ ತಂದುಕೊಂಡಳು. ಹೆಸರು ಹೇಳಿಲ್ಲ, ಅದು ತಾಯಿ. ತನ್ನ ಬಗ್ಗೆ ಹೇಳುವಾಗ, ನನ್ನ ನಕ್ಷತ್ರಗಳು ಬುಧನೂ ಅಲ್ಲ ಮಂಗಳನೂ ಅಲ್ಲ, ಕೋಪರ್ನಿಕಸ್ ಮತ್ತು ಟೈಕೋ ಎನ್ನುತ್ತಾನೆ. ಜಾತಕದ ಬಗ್ಗೆ ಇದಕ್ಕಿಂತ ಗಟ್ಟಿಯಾದ ಟೀಕೆಯನ್ನು ನಾನು ಓದಿಲ್ಲ, ಅದನ್ನು ಬರೆದವನು ಟೀಕೆಯೆಂದು ಬರೆದಿರಲಿಲ್ಲ. ಗ್ರಹಗಳು ಒಂದೇ, ಗಂಡು ಟ್ಯೂಬಿಂಗನ್ ವಿಶ್ವವಿದ್ಯಾಲಯಕ್ಕೆ ಹೋದ, ಹೆಣ್ಣು ಓದುಬರಹವಿಲ್ಲದೆ ಉಳಿದಳು.

1620ರ ಆಗಸ್ಟ್‌ನಲ್ಲಿ ಎಪ್ಪತ್ತು ದಾಟಿದ ಆ ಮುದುಕಿಯನ್ನು ಮಗಳ ಮನೆಯಿಂದ ರಾತ್ರೋರಾತ್ರಿ ಪೆಟ್ಟಿಗೆಯಲ್ಲಿ ಹೊತ್ತೊಯ್ದರು. ಹದಿನಾಲ್ಕು ತಿಂಗಳು ಸರಪಳಿ. ಕಾವಲುಗಾರರಿಬ್ಬರ ಖರ್ಚು ಕೂಡ ಅವಳದೇ. ಕೆಪ್ಲರ್ ಆಗ ಲಿಂಟ್ಸ್ ಊರಿನಲ್ಲಿದ್ದ ಕೆಲಸ ಬಿಟ್ಟು ಬಂದು ವಾದಕ್ಕೆ ನಿಂತ. ಮಾಟಗಾತಿಯರೇ ಇಲ್ಲ ಎಂದು ಅವನು ವಾದಿಸಲಿಲ್ಲ. ಹಾಗೆ ವಾದಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ; ಅವನಿಗೂ ಹಾಗೆ ಅನಿಸಿರಲಾರದು. ಆರೋಪಗಳನ್ನು ಒಂದೊಂದಾಗಿ ಬಿಡಿಸಿದ. ರೈನ್‌ಬೋಲ್ಡ್‌ಳ ಕಾಯಿಲೆಗೆ ಅವಳು ಹಿಂದೆ ನುಂಗಿದ ಕಟು ಔಷಧಿಗಳು ಕಾರಣ, ಹುಡುಗಿಯ ತೋಳಿಗೆ ಅವಳು ಹೊತ್ತ ಇಟ್ಟಿಗೆಯ ಭಾರ ಕಾರಣ ಎಂದ. ಮಂಗಳನ ಎಂಟು ಕಲೆಯ ಬೆನ್ನು ಹತ್ತಿದವನ ಕೈಬರಹ ಇಲ್ಲಿಯೂ ಕಾಣುತ್ತದೆ.

ಟ್ಯೂಬಿಂಗನ್‌ನ ಕಾನೂನು ಪಂಡಿತರು ಮಧ್ಯದ ದಾರಿ ಹಿಡಿದರು: ಹಿಂಸೆ ಕೊಡಬೇಡಿ, ಹಿಂಸೆಯ ಉಪಕರಣಗಳನ್ನು ತೋರಿಸಿ ಹೆದರಿಸಿ. 1621ರ ಸೆಪ್ಟೆಂಬರ್ 28ರಂದು ಅವಳನ್ನು ಅವುಗಳ ಮುಂದೆ ನಿಲ್ಲಿಸಿದರು. ಮೈಯ ಒಂದೊಂದು ನರವನ್ನು ಕಿತ್ತರೂ ಒಪ್ಪಿಕೊಳ್ಳಲು ನನ್ನಲ್ಲಿ ಏನೂ ಇಲ್ಲ ಎಂದಳು. ಕೆಲವೇ ದಿನಗಳಲ್ಲಿ ಬಿಟ್ಟರು. ಮುಂದಿನ ಏಪ್ರಿಲ್‌ನಲ್ಲಿ ತೀರಿಕೊಂಡಳು.