ಮೊದಲ ಬೋರ್ಡಿನಲ್ಲಿ ಕೂತವರು

ನಾವಿರುವ ಇಂಗ್ಲೆಂಡಿನ ಫೋಕ್‌ಸ್ಟನ್ ಊರಿನಲ್ಲಿ ಕಡಲ ಬಂಡೆಗೆ ಆತುಕೊಂಡಂತೆ ಲೀಸ್ ಕ್ಲಿಫ್ ಹಾಲ್ ಇದೆ. ಈಗ ಅಲ್ಲಿ ಸಂಗೀತ, ನಗೆ ಕಾರ್ಯಕ್ರಮ ನಡೆಯುತ್ತವೆ. 1933ರ ಜೂನ್‌ನಲ್ಲಿ ಇದೇ ಹಾಲ್‌ನಲ್ಲಿ 15 ದೇಶಗಳ ಚೆಸ್ ತಂಡಗಳು ಸೇರಿದ್ದವು. ಇವತ್ತು ನಾವು ಚೆಸ್ ಒಲಿಂಪಿಯಾಡ್ ಎನ್ನುತ್ತೇವಲ್ಲ, ಅದರ ಐದನೆಯ ಕೂಟ. ಗೆದ್ದದ್ದು ಅಮೆರಿಕ. ಫ್ರಾನ್ಸಿನ ಪರವಾಗಿ ಆಗಿನ ವಿಶ್ವ ಚಾಂಪಿಯನ್ ಅಲೆಖಿನ್ ಆಡಿದ್ದರು. ಇಂಗ್ಲೆಂಡಿನ ಮೊದಲ ಬೋರ್ಡಿನಲ್ಲಿ ಕೂತಿದ್ದವರು ಪಂಜಾಬಿನ ಸರ್ಗೋಧಾ ಕಡೆಯ ಮೀರ್ ಸುಲ್ತಾನ್ ಖಾನ್.

ಇದನ್ನೆಲ್ಲ ಬರೆಯಬೇಕೆನಿಸಿದ್ದು ಪಕ್ಕದ ಮನೆಯ ಹಿರಿಯರ ಒಂದು ಮಾತಿನಿಂದ. ನಿವೃತ್ತ ಮೇಷ್ಟ್ರು, ಒಳ್ಳೆಯ ಮನುಷ್ಯ, ನನ್ನ ಮಗಳಿಗೆ ಚೆಸ್ ಹೇಳಿಕೊಡುತ್ತಾರೆ. ಕಳೆದ ವಾರ ಬೇಲಿಯಾಚೆಯಿಂದ ಅಭಿಮಾನದಿಂದಲೇ ಹೇಳಿದರು: "ನಿಮ್ಮ ಕಡೆಯವನೊಬ್ಬ ಇಲ್ಲಿ ನಮ್ಮ ಪರವಾಗಿ ಆಡಿದ್ದ, ಗೊತ್ತಾ? ಯಾರೋ ನವಾಬನ ಮನೆ ಆಳಂತೆ. ಓದು ಬರಹ ಬರುತ್ತಿರಲಿಲ್ಲ. ಎಂಥ ಅದ್ಭುತ!"

ಅದ್ಭುತ ಅಂದದ್ದು ಆಟಕ್ಕೋ, ಆಳಾಗಿದ್ದವನು ಆಡಿದ್ದಕ್ಕೋ? ಆ ಮಾತು ನನಗೆ ಚುಚ್ಚಿತು. ಆಳು ಅನ್ನುವುದನ್ನು ಸುಲ್ತಾನ್ ಖಾನರ ಮನೆಯವರೂ ಒಪ್ಪುವುದಿಲ್ಲ. ಸುಲ್ತಾನ್ ಖಾನರನ್ನು ಜಮೀನ್ದಾರ ಸರ್ ಉಮರ್ ಹಯಾತ್ ಖಾನ್ ಲಂಡನ್ನಿಗೆ ಕರೆತಂದದ್ದು 1929ರಲ್ಲಿ. ಬಂದ ವರ್ಷವೇ ಬ್ರಿಟಿಷ್ ಚಾಂಪಿಯನ್ ಆದರು. 1932ರಲ್ಲಿ, 1933ರಲ್ಲಿ ಮತ್ತೆ ಗೆದ್ದರು. ಹೇಸ್ಟಿಂಗ್ಸ್ ಕೂಟದಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾರನ್ನು ಸೋಲಿಸಿದರು. 1931ರ ಪ್ರಾಗ್ ಕೂಟದಲ್ಲಿ ಅವರೆದುರು ಆ ಕಾಲದ ದೊಡ್ಡ ಆಟಗಾರ ರೂಬಿನ್‌ಸ್ಟೈನ್ ಸೋತರು, ತಮ್ಮ ಊರಿನಲ್ಲೇ ಆಡುತ್ತಿದ್ದ ಫ್ಲೋರ್ ಕೂಡ ಸೋತರು.

ಇಷ್ಟೆಲ್ಲ ಮಾಡಿದವರು ಕಲಿತದ್ದು ನಮ್ಮ ಹಳೆಯ ದೇಸಿ ಆಟ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗಬೇಕು. ರಾಜ, ಆನೆ ಎರಡನ್ನೂ ಒಂದೇ ನಡೆಯಲ್ಲಿ ಸರಿಸುವ ಕ್ಯಾಸ್ಲಿಂಗ್ ಇಲ್ಲ, ಅದರ ಬದಲು ರಾಜ ಒಂದು ಸಲ ಕುದುರೆಯಂತೆ ನೆಗೆಯಬಹುದು. ಆ ಆಟ ನಿಧಾನ. ಆರಂಭದ ನಡೆಗಳನ್ನು ಪುಸ್ತಕದಿಂದ ಅರೆದು ಕುಡಿದ ಯುರೋಪಿನವರ ಎದುರು ಅವರು ಮೊದಲ ಹತ್ತು ಹದಿನೈದು ನಡೆ ಒದ್ದಾಡುತ್ತಿದ್ದರು. ಕಾಯಿಗಳು ಕಡಿಮೆಯಾದ ಮೇಲೆ ಅವರನ್ನು ಹಿಡಿಯುವುದು ಕಷ್ಟವಾಗುತ್ತಿತ್ತು.

ತಂಡದ ಆಟದಲ್ಲಿ ಬೋರ್ಡಿನ ಕ್ರಮ ಸಣ್ಣ ಸಂಗತಿಯಲ್ಲ. ನಾಲ್ಕು ಬೋರ್ಡು, ಮೊದಲನೆಯದರಲ್ಲಿ ಎಲ್ಲರಿಗಿಂತ ಬಲಶಾಲಿ. 1930ರಲ್ಲಿ ಹ್ಯಾಂಬರ್ಗ್‌ಗೆ ಹೋದ ಇಂಗ್ಲೆಂಡ್ ತಂಡದಲ್ಲಿ ಸರ್ ಜಾರ್ಜ್ ಥಾಮಸ್ ಇದ್ದರು. ಬ್ಯಾಡ್ಮಿಂಟನ್ನಿನ ಥಾಮಸ್ ಕಪ್ ಇವರದೇ ಕೊಡುಗೆ, 2022ರಲ್ಲಿ ನಮ್ಮ ಹುಡುಗರು ಗೆದ್ದು ತಂದದ್ದು. ಅಂಥ ಮನೆತನದ, ಬಿರುದಿನ ಮನುಷ್ಯ ಕೆಳಗಿನ ಬೋರ್ಡಿನಲ್ಲಿ, ಪಂಜಾಬಿನಿಂದ ಬಂದ ಸುಲ್ತಾನ್ ಖಾನ್ ಮೇಲಿನ ಬೋರ್ಡಿನಲ್ಲಿ. ನಮ್ಮನ್ನು ಆಳುತ್ತಿದ್ದ ದೇಶ ಅದು, ಅದರ ಲೆಕ್ಕಗಳು ಬೇರೆ ಇದ್ದವು. ಆದರೂ ಚೆಸ್ ಮೇಜಿನ ಮುಂದೆ ಅವರ ಬಲ ನೋಡಿಯೇ ಜಾಗ ಕೊಟ್ಟರು.

ಅದೇ 1933ರಲ್ಲಿ ಅಮೆರಿಕದ ತಂಡವನ್ನು ಸರ್ ಉಮರ್ ಲಂಡನ್ನಿನ ಮನೆಗೆ ಊಟಕ್ಕೆ ಕರೆದರಂತೆ. ಅಲ್ಲಿ ತಮಗೆ ಬಡಿಸಿದವರು ಸುಲ್ತಾನ್ ಖಾನ್ ಎಂದು ಆ ತಂಡದ ರೂಬೆನ್ ಫೈನ್ ಮುಂದೆ ಬರೆದರು. ರಾತ್ರಿ ಅನ್ನ ಸಾರು ಕಲಸುತ್ತಾ ಮಗಳಿಗೆ ಇದನ್ನು ಹೇಳಿದೆ. ಅವಳು ಚಮಚ ಕೆಳಗಿಟ್ಟು ಕೇಳಿದಳು: "ಅಪ್ಪಾ, ಫಸ್ಟ್ ಬೋರ್ಡ್‌ನವರು ಯಾಕೆ ನಿಂತಿದ್ದರು?"

ನನಗೆ ಆಗ ನೆನಪಾದದ್ದು ನಮ್ಮ ಅಜ್ಜನ ಮನೆ ಜಗಲಿ. ಸುಗ್ಗಿ ಮುಗಿದ ಮೇಲೆ ಮಧ್ಯಾಹ್ನ ಅಲ್ಲಿ ಚದುರಂಗ ಹಾಸುತ್ತಿದ್ದರು. ಅಜ್ಜನೂ ಆಡುತ್ತಿದ್ದದ್ದು ಒಂದೇ ಮನೆ ನಡೆಯುವ ಕಾಲಾಳುಗಳ ಆಟವನ್ನೇ. ಊರಿನಲ್ಲಿ ಅವರನ್ನು ಸೋಲಿಸುತ್ತಿದ್ದವರು ಒಬ್ಬರೇ, ನಮ್ಮ ಹೊಲ ಉಳುತ್ತಿದ್ದವರು. ಮಣೆ ಜಗಲಿ ಮೇಲೆ, ಅಜ್ಜ ಚಾಪೆ ಮೇಲೆ. ಅವರು ಅಂಗಳದಲ್ಲಿ ನಿಂತೇ ಆಡುತ್ತಿದ್ದರು. ಕಾಯಿ ಮುಟ್ಟುತ್ತಿರಲಿಲ್ಲ. "ಒಂಟೆ ಆ ಮೂಲೆಗೆ ಬರಲಿ ಸ್ವಾಮಿ" ಎನ್ನುತ್ತಿದ್ದರು, ಅಜ್ಜ ಎತ್ತಿಡುತ್ತಿದ್ದರು. ಸೋತರೆ ಅಜ್ಜ ಕೋಪಿಸಿಕೊಳ್ಳುತ್ತಿರಲಿಲ್ಲ, ಬಾಯ್ತುಂಬ ಹೊಗಳುತ್ತಿದ್ದರು. ಬಾ, ಮೇಲೆ ಕೂತುಕೋ ಎಂದದ್ದನ್ನು ಮಾತ್ರ ನಾನು ಕೇಳಲಿಲ್ಲ. ಮಕ್ಕಳಾದ ನಾವೂ ಅವರನ್ನು ಏಕವಚನದಲ್ಲೇ ಕರೆಯುತ್ತಿದ್ದೆವು, ಹಾಗೇ ಕಲಿಸಿದ್ದರು.

2024ರ ಸೆಪ್ಟೆಂಬರ್‌ನಲ್ಲಿ ಬುಡಾಪೆಸ್ಟ್‌ನ ಚೆಸ್ ಒಲಿಂಪಿಯಾಡಿನಲ್ಲಿ ಭಾರತದ ಮುಕ್ತ, ಮಹಿಳಾ ಎರಡೂ ತಂಡಗಳು ಚಿನ್ನ ಗೆದ್ದಾಗ ನಾನು ಈ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದ್ದೆ. ಆ ಹೆಮ್ಮೆ ಇಂದಿಗೂ ಇದೆ. ಭಾರತ ಒಲಿಂಪಿಯಾಡಿಗೆ ಮೊದಲು ತಂಡ ಕಳಿಸಿದ್ದು 1956ರಲ್ಲಿ. ಫೋಕ್‌ಸ್ಟನ್ ಕೂಟ ನಡೆದ ವರ್ಷದ ಕೊನೆಗೇ ಊರಿಗೆ ಮರಳಿದ ಸುಲ್ತಾನ್ ಖಾನ್ ಆಮೇಲೆ ದೊಡ್ಡ ಕೂಟಗಳಲ್ಲಿ ಕಾಣಿಸಲೇ ಇಲ್ಲ. ದೇಶ ಒಡೆದಾಗ ಅವರ ಊರು ಪಾಕಿಸ್ತಾನಕ್ಕೆ ಸೇರಿತು. 1966ರಲ್ಲಿ ತೀರಿಕೊಂಡರು. ವಿಶ್ವ ಚೆಸ್ ಒಕ್ಕೂಟ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಬಿರುದು ಕೊಟ್ಟದ್ದು 2024ರಲ್ಲಿ. 58 ವರ್ಷ ತಡವಾಗಿ ಬಂದ ಬಿರುದಿಗೆ ಸಂತೋಷಪಡುವುದು ನನಗೆ ಕಷ್ಟ.

ಮಗಳಿಗೆ ಜಗಲಿಯ ಕಥೆಯನ್ನೂ ಮುಚ್ಚಿಡದೆ ಹೇಳಿದೆ. ಪಕ್ಕದ ಮನೆಯವರಿಗೂ ಹೇಳಿದೆ, ಅವರು "ಆಳು" ಎಂದದ್ದು ನನಗೆ ನೋವು ಮಾಡಿತೆಂಬುದನ್ನೂ ಸೇರಿಸಿ. ಆಮೇಲೆ ಊರಿಗೆ ಫೋನ್ ಮಾಡಿ ಸೋದರಮಾವನನ್ನು ವಿಚಾರಿಸಿದೆ. ಅಂಗಳದಲ್ಲಿ ನಿಂತು ಆಡುತ್ತಿದ್ದವರ ಮೊಮ್ಮಗ ತುಮಕೂರಿನಲ್ಲಿ ಕೆಲಸದಲ್ಲಿದ್ದಾರಂತೆ. ನಂಬರ್ ಸಿಕ್ಕಿದೆ. ತಾತನ ಆಟ ಮನೆಯಲ್ಲಿ ಯಾರಿಗಾದರೂ ಬಂತೇ ಎಂದು ಈ ಭಾನುವಾರ ಕೇಳಬೇಕು.