ಹೊಳೆಬಾಗಿಲಲ್ಲಿ ನೀರು ನೋಡುವ ದಿನಗಳು

ಸಾಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನ ಆಚೆಗಿರುವ ತುಮರಿ, ಬ್ಯಾಕೋಡು ಕಡೆಯವರಿಗೆ ಬೇಸಿಗೆಯ ದಿನ ಶುರುವಾಗುತ್ತಿದ್ದುದೇ ನೀರು ನೋಡುವುದರಿಂದ. ಲಿಂಗನಮಕ್ಕಿ ಜಲಾಶಯ ಭರ್ತಿಯಾದರೆ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮೇ ಹೊತ್ತಿಗೆ ಹಿನ್ನೀರು ಕೆಳಗಿಳಿದು, ಲಾಂಚು ಹತ್ತುವ ಹೊಳೆಬಾಗಿಲಲ್ಲಿ ಅಂಬಾರಗೋಡ್ಲು ದಡದ ಕೆಂಪುಮಣ್ಣು ಬರಿದಾಗುತ್ತಿತ್ತು. ಜನರನ್ನೂ ಗಾಡಿಗಳನ್ನೂ ದಾಟಿಸುವ ಆ ಲಾಂಚಿನ ಹಲಗೆ ದಡಕ್ಕೆ ಸರಿಯಾಗಿ ಕೂತರೆ ಮಾತ್ರ ಗಾಡಿ ಹತ್ತಿಸಬಹುದಿತ್ತು. ಕೂರದಿದ್ದರೆ ಜನ ಮಾತ್ರ ದಾಟಬೇಕಿತ್ತು, ಗಾಡಿ ಹೊಸನಗರದ ಕಡೆಯಿಂದ ಸುತ್ತಿಕೊಂಡು ಬರಬೇಕಿತ್ತು.

ಗಾಡಿ ಹತ್ತಿಸುವುದಕ್ಕೂ ಕ್ರಮವಿತ್ತು. ಭಾರದ್ದು ನಡುವಿಗೆ, ಹಗುರದ್ದು ಬದಿಗೆ. ಹ್ಯಾಂಡ್‌ಬ್ರೇಕ್ ಎಳೆದು ಗೇರಿನಲ್ಲೇ ನಿಲ್ಲಿಸಬೇಕಿತ್ತು. ಭಾರ ಒಂದೇ ಕಡೆ ಬಿದ್ದರೆ ಲಾಂಚು ವಾಲುತ್ತದೆ, ಆಚೆ ದಡದಲ್ಲಿ ಹಲಗೆ ಓರೆಯಾಗಿ ಚಕ್ರ ಸಿಕ್ಕಿಕೊಳ್ಳುತ್ತದೆ. ಸಂಜೆಯ ಕೊನೆಯ ಲಾಂಚು ಹೋದ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಲಾಂಚಿನವರನ್ನು ಎಬ್ಬಿಸಿ ಕರೆತರುವುದೊಂದೇ ದಾರಿಯಾಗಿತ್ತು. 1964ರಲ್ಲಿ ಅಣೆಕಟ್ಟು ಮುಗಿದು ನಾಡಿಗೆಲ್ಲ ಬೆಳಕು ಹರಿಯಿತು. ಅದಕ್ಕಾಗಿ ನೆಲ ಮುಳುಗಿಸಿಕೊಂಡವರು ಆರು ದಶಕ ಹೀಗೆ ಕಾದರು.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವಿನ ಸೇತುವೆ ತೆರೆಯಿತು. ಉದ್ದ ಹೆಚ್ಚುಕಡಿಮೆ ಎರಡೂವರೆ ಕಿಲೋಮೀಟರ್. ನಡುಭಾಗದ್ದು ಎಕ್ಸ್‌ಟ್ರಾಡೋಸ್ಡ್ ರಚನೆ: ಗೋಪುರ ಗಿಡ್ಡ, ಕೇಬಲ್ಲುಗಳ ಓರೆ ಕಡಿಮೆ, ಭಾರವನ್ನು ಕೇಬಲ್ಲೂ ಕಾಂಕ್ರೀಟಿನ ಪೆಟ್ಟಿಗೆ ತೊಲೆಯೂ ಹಂಚಿಕೊಂಡು ಹೊರುತ್ತವೆ. ಆಳದ ನೀರು ವರ್ಷವಿಡೀ ಏರಿಳಿಯುವಲ್ಲಿ ಕೆಳಗಿನಿಂದ ಆಸರೆ ನಿಲ್ಲಿಸಿ ಎರಕ ಹಾಕಲಾಗದು. ಅದಕ್ಕೇ ಕಂಬದ ತಲೆಯಿಂದ ಎರಡೂ ಬದಿಗೆ ಸಮತೂಕದಲ್ಲಿ, ತಕ್ಕಡಿಯ ತಟ್ಟೆಗಳಂತೆ, ತುಂಡು ತುಂಡಾಗಿ ಮುಂದೆ ಚಾಚುತ್ತಾರೆ. ಒಂದು ತುಂಡು ಗಟ್ಟಿಯಾಗಿ, ಒಳಗಿನ ಉಕ್ಕಿನ ತಂತಿ ಬಿಗಿದ ಮೇಲೆಯೇ ಅಚ್ಚು ಮುಂದಕ್ಕೆ ಸರಿಯುವುದು. ಒಂದು ಕಡೆ ಮುಂದೋಡಿ ಇನ್ನೊಂದು ಹಿಂದುಳಿದರೆ ತೂಕವೆಲ್ಲ ಕಂಬವನ್ನು ಬಾಗಿಸಲು ನೋಡುತ್ತದೆ. ಎದುರುಬದುರು ತೋಳುಗಳನ್ನು ಬೆಸೆಯುವ ಕೊನೆಯ ತುಂಡಿಗೆ ತಂಪು ಹೊತ್ತೇ ಒಳ್ಳೆಯದು; ಬಿಸಿಲಿಗೆ ಕಾಂಕ್ರೀಟು ಹಿಗ್ಗಿ ಮಟ್ಟ ಅಲುಗುತ್ತದೆ.

ಮಲೆನಾಡಿನ ಮಳೆಯಲ್ಲಿ ಇನ್ನು ಕಣ್ಣಿಡಬೇಕಾದ್ದು ಸಣ್ಣ ಸಂಗತಿಗಳ ಮೇಲೆ. ನೀರು ಹೋಗುವ ಕೊಳವೆಗಳಲ್ಲಿ ಎಲೆ, ಮಣ್ಣು ಕಟ್ಟಿದರೆ ರಸ್ತೆಯ ಮೇಲೆ ನೀರು ನಿಲ್ಲುತ್ತದೆ, ಕೂಡುಸಂದುಗಳಿಂದ ಇಳಿದು ಕೆಳಗೆ ತೊಲೆಯನ್ನು ಕಂಬದ ಮೇಲೆ ಹೊರುವ ಬೇರಿಂಗು ತುಕ್ಕು ಹಿಡಿಯುತ್ತದೆ. ಕೇಬಲ್ಲಿನ ಬುಡದೊಳಗೆ ತೇವ ಸೇರಿದರೆ ಹೊರಗೆ ಏನೂ ಕಾಣದು. ಪ್ರತಿ ಮಳೆಗಾಲಕ್ಕೂ ಮೊದಲು ಕೊಳವೆ ಬಿಡಿಸಬೇಕು, ಮಳೆ ನಿಂತ ಮೇಲೆ ಬುಡಗಳನ್ನು ತೆರೆದು ನೋಡಬೇಕು. ಲಾಂಚಿನ ಹೊತ್ತು ನೋಡಿ ಹೊಂದಿಸಿದ್ದ ಬಸ್ಸುಗಳ ವೇಳಾಪಟ್ಟಿಯನ್ನೂ ಈಗ ಶಾಲೆ, ಆಸ್ಪತ್ರೆಯ ಹೊತ್ತಿಗೆ ತಿರುಗಿಸಬೇಕು.