ಯೆಜ್ಡಿಗೆ ಇನ್ನೂ ಸಾಮಾನು ಸಿಗುತ್ತದೆಯೇ?

ಸಿಗ್ನಲ್‌ನಲ್ಲಿ ನಿಂತಾಗ ಪಕ್ಕದ ಸ್ಕೂಟರಿನವರು ಕೇಳುತ್ತಾರೆ. ಬಂಕಿನಲ್ಲಿ ಲೀಟರಿಗೆ ನಲವತ್ತು ಮಿಲಿಲೀಟರ್ ಲೆಕ್ಕದಲ್ಲಿ ಎಣ್ಣೆ ಅಳೆದು ಸುರಿಯುವಾಗ ಪೆಟ್ರೋಲ್ ಹಾಕುವ ಹುಡುಗ ಕೇಳುತ್ತಾನೆ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕುಳಿತಿದ್ದಾಗಲೂ ಎದುರು ಸಾಲಿನ ಹಿರಿಯರೊಬ್ಬರು ಪಾಯಸ ಬಿಟ್ಟು ಕೇಳಿದ್ದುಂಟು: "ಅದಕ್ಕೆ ಇನ್ನೂ ಸಾಮಾನು ಸಿಗುತ್ತದೆಯೇನಪ್ಪಾ?"

ಅದು ಎಂದರೆ ಅಪ್ಪನಿಂದ ನನಗೆ ಬಂದ ಯೆಜ್ಡಿ 250. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ ಹೆಸರಿನಲ್ಲಿ, 1973ರಿಂದ ಯೆಜ್ಡಿ ಹೆಸರಿನಲ್ಲಿ ಬೈಕು ಮಾಡಿ, 1996ರಲ್ಲಿ ಬಾಗಿಲು ಹಾಕಿತು. ತವರು ಮನೆಯೇ ಇಲ್ಲದ ಗಾಡಿ ಇನ್ನೂ ಓಡುವುದು ಹೇಗೆ ಎಂದು ಜನ ಕೇಳುವುದರಲ್ಲಿ ತಪ್ಪೇನೂ ಇಲ್ಲ.

ಸಾಮಾನು ಸಿಗುತ್ತದೆ. ಸಿಕ್ಕಿದ್ದೆಲ್ಲ ಹಾಕಿಕೊಳ್ಳಲು ಯೋಗ್ಯವೇ ಎಂಬುದು ಬೇರೆ ಮಾತು.

ಮೊದಮೊದಲು ನಾನು ಅಂಗಡಿಗೆ ಹೋಗಿ "ಯೆಜ್ಡಿಗೆ ಒಂದು ಬೇರಿಂಗ್ ಕೊಡಿ" ಎನ್ನುತ್ತಿದ್ದೆ. ಎದುರಿದ್ದವರು ತಲೆಯೆತ್ತಿಯೂ ನೋಡದೆ ಇಲ್ಲ ಎನ್ನುತ್ತಿದ್ದರು. ನಮ್ಮ ಮೇಸ್ತ್ರಿ ಒಂದು ದಿನ ನಕ್ಕು, "ಗಾಡಿಯ ಹೆಸರು ಯಾಕೆ ಹೇಳುತ್ತೀರಿ ಸ್ವಾಮಿ? ನಂಬರ್ ಹೇಳಿ" ಎಂದರು. ಹಳೆಯ ಬೇರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ನಾಲ್ಕು ಅಂಕಿ ಕಾಣುತ್ತವೆ. 6204 ಎಂದಿದ್ದರೆ ಒಳವ್ಯಾಸ 20 ಮಿಲಿಮೀಟರ್, ಹೊರವ್ಯಾಸ 47, ಅಗಲ 14. ಕೊನೆಯ ಎರಡು ಅಂಕಿ 04 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದನ್ನು ಐದರಿಂದ ಗುಣಿಸಿದಾಗ ಒಳವ್ಯಾಸ ಬರುತ್ತದೆ. ನೀರೆತ್ತುವ ಮೋಟಾರಿಗಾಗಲಿ ಹಿಟ್ಟಿನ ಗಿರಣಿಗಾಗಲಿ ಆ ನಂಬರಿಗೆ ಅದೇ ಅಳತೆ. ಎಣ್ಣೆ, ಗಾಳಿ ಸೋರದಂತೆ ತಡೆಯುವ ರಬ್ಬರಿನ ಬಳೆ, ಅಂದರೆ ಆಯಿಲ್ ಸೀಲಿಗೂ ಹೀಗೆಯೇ ಒಳವ್ಯಾಸ, ಹೊರವ್ಯಾಸ, ದಪ್ಪ ಎಂಬ ಮೂರು ಅಂಕಿ. ಯೆಜ್ಡಿ ಎಂಬ ಹೆಸರು ಕೇಳಿ ಮುಖ ತಿರುಗಿಸುವ ಅಂಗಡಿಯೇ ಅಂಕಿ ಹೇಳಿದ ಕೂಡಲೇ ಡಬ್ಬಿ ತೆಗೆದು ಮುಂದಿಡುತ್ತದೆ. ಆದ್ದರಿಂದ ಎಷ್ಟೇ ಹಾಳಾಗಿದ್ದರೂ ಹಳೆಯ ಸಾಮಾನನ್ನು ಎಸೆಯಬೇಡಿ. ಹೊಸದು ಕೈಗೆ ಬಂದು, ಕೂತು, ನೂರು ಕಿಲೋಮೀಟರ್ ಓಡುವ ತನಕವಾದರೂ.

ಆದರೆ ಅಳತೆ ಕೂತ ಮಾತ್ರಕ್ಕೆ ಗೆದ್ದಂತಲ್ಲ. ಇದನ್ನು ನಾನು ಕಲಿತದ್ದು ನಂಜನಗೂಡಿನ ದಾರಿಯಲ್ಲಿ. ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸುವ ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕು ತಿರುಗುವ ಪೆಟ್ಟಿಗೆ, ಅಂದರೆ ಕ್ರ್ಯಾಂಕ್‌ಕೇಸ್ ಗಾಳಿಯಾಡದಂತೆ ಬಿಗಿಯಾಗಿರಬೇಕು. ಎರಡೂ ಕಡೆ ಅದನ್ನು ಕಾಯುವುದು ಆಯಿಲ್ ಸೀಲು. ಎಡಗಡೆಯ, ಅಂದರೆ ಕ್ಲಚ್ ಬದಿಯ ಸೀಲು ಹೋದರೆ ಗೇರ್ ಎಣ್ಣೆ ಒಳಗೆ ಸೇರಿ ಸೈಲೆನ್ಸರಿನಿಂದ ಬಿಳಿ ಹೊಗೆ ಏಳುತ್ತದೆ. ಬೀದಿಯವರೆಲ್ಲ ಬಂದು ಹೇಳುತ್ತಾರಾದ್ದರಿಂದ ಅದು ಬೇಗ ಗೊತ್ತಾಗುತ್ತದೆ. ಬಲಗಡೆಯ ಡೈನಮೋ ಬದಿಯದು ಹೋದರೆ ಹೊಗೆಯಿಲ್ಲ, ಸದ್ದಿಲ್ಲ. ಗಾಳಿ ನುಗ್ಗಿ ಪೆಟ್ರೋಲಿನ ಜೊತೆ ಎಣ್ಣೆಯ ಪಾಲೂ ಕಡಿಮೆಯಾಗಿ ಎಂಜಿನ್ ಕಾಯುತ್ತ ಹೋಗುತ್ತದೆ.

ನನ್ನದು ಎಚ್ಚರಿಕೆ ಕೊಟ್ಟಿತ್ತು. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ವೇಗ ಕೂಡಲೇ ಇಳಿಯುತ್ತಿರಲಿಲ್ಲ. ಕಾರ್ಬುರೇಟರಿನ ದೋಷವೆಂದು ಸ್ಕ್ರೂ ತಿರುಗಿಸಿ ಹೊರಟೆ. ಕಡಕೊಳ ದಾಟಿದ ಮೇಲೆ ಹಿಂದಿನ ಚಕ್ರ ಇದ್ದಕ್ಕಿದ್ದಂತೆ ಕಚ್ಚಿಕೊಂಡಿತು. ಕ್ಲಚ್ ಹಿಡಿದಿದ್ದರಿಂದ ಬೀಳಲಿಲ್ಲ. ಬಿಚ್ಚಿ ನೋಡಿದರೆ ಪಿಸ್ಟನ್ನಿನ ಮೈಮೇಲೆ ಬೆಕ್ಕು ಪರಚಿದಂತೆ ಗೀರುಗಳು. ಮೂರು ವಾರದ ಹಿಂದಷ್ಟೇ ಹಾಕಿದ್ದ ಸೀಲಿನ ತುಟಿ ಒತ್ತಿದರೆ ಬಗ್ಗಬೇಕು. ಗಾಜಿನ ಬಳೆಯಂತೆ ಗಡುಸಾಗಿತ್ತು. ಅಳತೆ ಸರಿಯಾಗಿಯೇ ಇತ್ತು, ರಬ್ಬರು ಮಾತ್ರ ಕಳಪೆ. ಎರಡು ಡಬ್ಬಿ ಮುಂದಿಟ್ಟಾಗ ಅಗ್ಗದ್ದನ್ನು ಆರಿಸಿದವನು ನಾನೇ, ಅಂಗಡಿಯವರನ್ನು ಬೈದು ಏನು ಬಂತು?

ಇಂಥ ಒಂದೊಂದು ತಪ್ಪೂ ಸಿಲಿಂಡರನ್ನು ತಿನ್ನುತ್ತದೆ. ಕಾರ್ಖಾನೆಯಿಂದ ಬಂದಾಗ ಅದರ ವ್ಯಾಸ 65 ಮಿಲಿಮೀಟರ್. ಜಾಮ್ ಆದಾಗ ಒಳಮೈ ಕೊರೆಸಿ, ಅಂದರೆ ಬೋರ್ ಮಾಡಿಸಿ, ಕಾಲು ಮಿಲಿಮೀಟರ್ ದೊಡ್ಡದಾದ ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಹೀಗೆ ಕೆಲವು ಸಲ ಆದಮೇಲೆ ಒಳಗೆ ಸ್ಲೀವ್ ಎಂಬ ಹೊಸ ಕೊಳವೆ ಕೂರಿಸುವುದೊಂದೇ ದಾರಿ. ನನ್ನದು ಈಗ ಎರಡನೇ ಓವರ್‌ಸೈಜ್. ಇಲ್ಲಿ ಒಂದು ಮಾತು ನೆನಪಿರಲಿ: ಮೊದಲು ಪಿಸ್ಟನ್ ಕೊಂಡು ಅದನ್ನೇ ಲೇತ್‌ನವರ ಕೈಗೆ ಕೊಡಿ. ಅವರು ಮೈಕ್ರೋಮೀಟರಿನಲ್ಲಿ ಅಳೆದು ಆ ಪಿಸ್ಟನ್ನಿಗೆ ತಕ್ಕಂತೆ ಕೊರೆಯಲಿ. ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ಹುಡುಕುವುದೆಂದರೆ ಚಪ್ಪಲಿಗೆ ತಕ್ಕಂತೆ ಕಾಲು ಹುಡುಕಿದ ಹಾಗೆ.

ಎಲ್ಲವನ್ನೂ ಕೊಳ್ಳಬೇಕೆಂದೂ ಇಲ್ಲ. ಜಿಕೋವ್ ಕಂಪನಿಯ ಕಾರ್ಬುರೇಟರಿನಲ್ಲಿ ತೇಲುತ್ತ ಪೆಟ್ರೋಲ್ ಮಟ್ಟ ಕಾಯುವ ಹಿತ್ತಾಳೆಯ ಫ್ಲೋಟ್ ತೂತಾದರೆ ಕಿವಿಯ ಬಳಿ ಅಲ್ಲಾಡಿಸಿ. ಎಳನೀರಿನ ಬುರುಡೆಯಂತೆ ಒಳಗೆ ಪೆಟ್ರೋಲ್ ಕುಲುಕುವುದು ಕೇಳುತ್ತದೆ. ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಏಳುವ ಜಾಗವೇ ತೂತು. ಒಳಗಿನ ಪೆಟ್ರೋಲ್ ಪೂರ್ತಿ ಆರುವ ತನಕ ಕಾದು, ಬೆಂಕಿ ತೋರಿಸದೆ ಸೋಲ್ಡರಿಂಗ್ ಐರನ್ನಿನಿಂದ ಒಂದು ಹನಿ ಸೀಸದ ಬೆಸುಗೆ ಹಾಕಬೇಕು. ಒಂದೇ ಹನಿ. ಎರಡಾದರೆ ಫ್ಲೋಟ್ ಭಾರವಾಗಿ ಆಳಕ್ಕೆ ಇಳಿಯುತ್ತದೆ, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಮಟ್ಟ ಏರಿ ಉಕ್ಕುತ್ತದೆ. ಮೇಸ್ತ್ರಿ ಈ ಕೆಲಸಕ್ಕೆ ಕೂತಾಗ ಅವರನ್ನು ಮಾತನಾಡಿಸುವಂತಿಲ್ಲ.

ಹೆಸರು ಹೇಳದೆ ವಿಧಿಯಿಲ್ಲದ ಸಾಮಾನುಗಳೂ ಇವೆ: ಗೇರು, ಕ್ಲಚ್ಚಿನ ಭಾಗಗಳು, ಕ್ರ್ಯಾಂಕು. ಇವಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿದ್ದೇನೆ, ಗುಜರಿಯಲ್ಲಿ ಮಂಡಿಯೂರಿ ಕೂತಿದ್ದೇನೆ. ಹೊಸ ನಕಲಿಗಿಂತ ಕಾರ್ಖಾನೆಯ ಕಾಲದ ಹಳೆಯದೇ ಮೇಲು ಎನ್ನುವವನು ನಾನು. ಸವೆದಿದ್ದರೂ ಅದರ ಕಬ್ಬಿಣ ಗಟ್ಟಿ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಗಾಡಿಗಳೆಲ್ಲ ಸೇರುತ್ತವಲ್ಲ, ಅಲ್ಲಿ ಫೋಟೋ ತೆಗೆಯುವವರನ್ನು ಬಿಟ್ಟು ಕೈಗೆ ಮಸಿ ಹತ್ತಿದವರ ಪಕ್ಕ ನಿಲ್ಲಿ. ಯಾರ ಅಟ್ಟದ ಮೇಲೆ ಏನಿದೆ ಎಂಬುದು ಅವರಿಗೆ ಗೊತ್ತು.

ಕ್ರ್ಯಾಂಕ್‌ಕೇಸ್ ಮಾತ್ರ ಕಂಡ ಕಂಡಲ್ಲಿ ಕೊಳ್ಳಬೇಡಿ. ಎಂಜಿನ್ ನಂಬರ್ ಇರುವುದು ಅದರ ಮೇಲೆ. ಹದಿನೈದು ವರ್ಷ ದಾಟಿದ ಗಾಡಿಯ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸುವಾಗ ಆ ನಂಬರು ಆರ್‌ಸಿಯ ಜೊತೆ ತಾಳೆಯಾಗದಿದ್ದರೆ ಸಾಮಾನು ಹುಡುಕುವುದೇ ಸುಲಭವಾಗಿತ್ತು ಅನ್ನಿಸುತ್ತದೆ.

"ಈಗ ಜಾವಾ ಮತ್ತೆ ಬಂದಿದೆಯಲ್ಲ, ಅವರ ಬಳಿ ಸಿಗುವುದಿಲ್ಲವೇ?" ಎಂದೂ ಕೇಳುತ್ತಾರೆ. 2018ರಲ್ಲಿ ಮರಳಿ ಬಂದದ್ದು ಹೆಸರು. ಒಳಗಿರುವುದು ನೀರಿನಿಂದ ತಣಿಯುವ ನಾಲ್ಕು ಸ್ಟ್ರೋಕಿನ ಎಂಜಿನ್. ನನ್ನ ಹತ್ತರ ಸ್ಪ್ಯಾನರ್ ಎರಡಕ್ಕೂ ಆದೀತು, ಅಷ್ಟೇ.

ಅಂದ ಹಾಗೆ, ಕಿಕ್ ಹೊಡೆಯಲೂ ಗೇರ್ ಹಾಕಲೂ ಇರುವ ಆ ಒಂದೇ ಲಿವರ್ ಇದೆಯಲ್ಲ, ನನ್ನದರ ಒಳಹಲ್ಲು ಸವೆದು ಹತ್ತು ಸಲ ಒದ್ದರೆ ನಾಲ್ಕು ಸಲ ಜಾರುತ್ತಿದೆ. ಯಾರ ಮನೆಯ ಅಟ್ಟದಲ್ಲಾದರೂ ಕಾರ್ಖಾನೆಯ ಕಾಲದ್ದು ಬಿದ್ದಿದ್ದರೆ ತಿಳಿಸಿ. ತುಕ್ಕು ಹಿಡಿದಿದ್ದರೂ ಚಿಂತೆಯಿಲ್ಲ, ಹಲ್ಲು ನೆಟ್ಟಗಿದ್ದರೆ ಸಾಕು.